ಸುಟ್ಟ ತರಕಾರಿಯ ಸಾರು: ಉಪ್ಪು ಕಡಿಮೆಯಾದ ಮನೆಗೊಂದು ರುಚಿ

ಹಿರಿಯರಿರುವ ಮನೆಗಳಲ್ಲಿ ವೈದ್ಯರು ‘ಇನ್ನು ಮೇಲೆ ಉಪ್ಪು ಕಡಿಮೆ ಮಾಡಿ’ ಎಂದು ಹೇಳಿ ಕಳುಹಿಸಿದ ದಿನದಿಂದ ಅಡುಗೆಮನೆಯಲ್ಲಿ ಒಂದು ಬಗೆಯ ಇಕ್ಕಟ್ಟು ಆರಂಭವಾಗುತ್ತದೆಂಬುದನ್ನು ಗೃಹಿಣಿಯರಾದ ನಾವೆಲ್ಲರೂ ಬಲ್ಲೆವು. ಮಾಡಿದವರಿಗೆ ಸಮಾಧಾನವಿಲ್ಲ, ಉಣ್ಣುವವರಿಗೆ ತೃಪ್ತಿಯಿಲ್ಲ. ಒಂದೇ ಮನೆಯಲ್ಲಿ ಎರಡು ಪಾತ್ರೆಗಳಲ್ಲಿ ಎರಡು ಬಗೆಯ ಸಾರು ಮಾಡುವುದು ಕೆಲವು ದಿನಗಳ ಮಟ್ಟಿಗೆ ನಡೆಯುತ್ತದೆಯೇ ಹೊರತು ವರ್ಷಗಟ್ಟಲೆ ನಡೆಯುವ ಮಾತಲ್ಲ. ಈ ಇಕ್ಕಟ್ಟು ನಮ್ಮ ಮನೆಗೂ ಬಂದಿತು. ಅದರಿಂದ ನಾವು ಹೊರಬಂದ ಬಗೆಯನ್ನು ವಾಚಕ ಬಂಧುಗಳೊಡನೆ ಹಂಚಿಕೊಳ್ಳಬೇಕೆಂಬ ಬಯಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ನಮ್ಮ ಮನೆ ಇರುವುದು ಮದ್ದೂರು ತಾಲ್ಲೂಕಿನ ಕೊಪ್ಪ ಹೋಬಳಿಯಲ್ಲಿ. ಕೊಪ್ಪವೆಂದೊಡನೆ ಅನೇಕರಿಗೆ ಅಡಕೆ, ಕಾಫಿಗಳ ಮಲೆನಾಡಿನ ಕೊಪ್ಪವೇ ನೆನಪಿಗೆ ಬರುತ್ತದೆ. ನಮ್ಮದು ಕಬ್ಬು, ಭತ್ತ, ರಾಗಿ, ತೆಂಗುಗಳ ಬಯಲುಸೀಮೆಯ ಕೊಪ್ಪ. ಇಲ್ಲಿ ಊಟವೆಂದರೆ ಮುದ್ದೆ; ಮುದ್ದೆಯೆಂದ ಮೇಲೆ ಸಾರು. ಮುದ್ದೆಯನ್ನು ಅಗಿಯುವುದಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆದ್ದರಿಂದ ಊಟದ ರುಚಿಯ ಭಾರವೆಲ್ಲ ಸಾರಿನ ಮೇಲೆಯೇ ಬೀಳುತ್ತದೆ. ಕಾಳು ಸೊಪ್ಪುಗಳನ್ನು ಬೇಯಿಸಿ, ಬಸಿದ ಕಟ್ಟಿಗೆ ಬೇರೆಯಾಗಿ ಅರೆದ ಖಾರವನ್ನು ಬೆರೆಸಿಕೊಂಡು ಉಣ್ಣುವ ಉಪ್ಪುಸಾರು, ಅದೇ ಕಟ್ಟಿಗೆ ಹುರಿದ ಮಸಾಲೆಯನ್ನು ಅರೆದು ಕುದಿಸುವ ಬಸ್ಸಾರು, ಸೊಪ್ಪನ್ನೇ ಮಸೆದು ಮಾಡುವ ಮಸ್ಸೊಪ್ಪು, ಇವು ಈ ಸೀಮೆಯ ನಿತ್ಯದ ಸಾರುಗಳು. ಮೊದಲನೆಯದರ ಹೆಸರಿನಲ್ಲಿಯೇ ಉಪ್ಪು ಕುಳಿತಿದೆ ಎಂಬುದನ್ನು ಗಮನಿಸಬೇಕು.

ನಮ್ಮ ಅತ್ತೆಯವರಿಗೆ ಈಗ ಎಂಬತ್ತು ದಾಟಿದೆ. ಕೆಲವು ವರ್ಷಗಳ ಹಿಂದೆ ಮನೆಯನ್ನು ರಿಪೇರಿ ಮಾಡಿಸಿದಾಗ ಅಡುಗೆಮನೆಯ ಮಣ್ಣಿನ ಒಲೆಯನ್ನು ತೆಗೆಸಿ, ಕಲ್ಲುಚಪ್ಪಡಿಯ ಕಟ್ಟೆ ಕಟ್ಟಿಸಿ, ಗ್ಯಾಸ್ ಒಲೆಯನ್ನು ಇರಿಸಿದೆವು. ಅದರ ಬಗ್ಗೆ ನಮಗೆ ಯಾವ ಪಶ್ಚಾತ್ತಾಪವೂ ಇಲ್ಲ. ಸೌದೆಯ ಹೊಗೆಯಲ್ಲಿ ಅರ್ಧ ಆಯುಷ್ಯವನ್ನು ಕಳೆದ ಹೆಂಗಸರ ಕಣ್ಣು, ಎದೆಗಳ ಪಾಡನ್ನು ನೋಡಿದವರಾರೂ ಆ ಒಲೆಯನ್ನು ಮರಳಿ ಬಯಸಲಾರರು. 2016ರಲ್ಲಿ ಉಜ್ವಲ ಯೋಜನೆ ಬಂದ ಮೇಲೆ ನಮ್ಮ ಬೀದಿಯ ಎಷ್ಟೋ ಬಡಮನೆಗಳಿಗೂ ಅನಿಲ ಬಂದಿತು. ಅದೊಂದು ದೊಡ್ಡ ಬಿಡುಗಡೆಯೇ ಸರಿ. ಆದರೆ ಒಲೆ ಹೋದಾಗ ಅದರೊಡನೆ ಕೆಂಡವೂ ಹೋಯಿತು ಎಂಬುದು ಆ ಹೊತ್ತಿಗೆ ನಮಗೆ ಹೊಳೆಯಲಿಲ್ಲ.

ಅದೇ ಸುಮಾರಿಗೆ ಅತ್ತೆಯವರಿಗೆ ರಕ್ತದೊತ್ತಡ ಹೆಚ್ಚಿತು. ಉಪ್ಪು ಇಳಿಸಬೇಕೆಂದು ವೈದ್ಯರು ಹೇಳಿದರು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳು ನಿಂತವು. ಸಾರಿನಲ್ಲಿಯೂ ಉಪ್ಪನ್ನು ಅರ್ಧಕ್ಕೆ ಇಳಿಸಿದೆವು. ಅವರು ಒಂದು ಮಾತೂ ಆಡಲಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತರೆ ತಟ್ಟೆಯಲ್ಲಿ ಒಂದಗುಳೂ ಬಿಡದೆ ಉಂಡು, ತಟ್ಟೆಯನ್ನು ತೊಳೆದ ನೀರನ್ನೂ ಕುಡಿಯುವ ಹಿಂದಿನವರ ನಡೆ ಅವರದು. ತಟ್ಟೆ ಎಂದಿನಂತೆ ನಿರ್ಮಲವಾಗಿಯೇ ಇರುತ್ತಿದ್ದುದರಿಂದ ಎಲ್ಲವೂ ಸರಿಯಾಗಿದೆಯೆಂದೇ ನಾವು ತಿಳಿದೆವು. ಪ್ರಸಾದವನ್ನು ಬಿಡುವುದು ಅವರಿಂದಾಗದ ಕೆಲಸ. ಆದ್ದರಿಂದ ಅವರು ಬಡಿಸಿಕೊಳ್ಳುವುದನ್ನೇ ಕಡಿಮೆ ಮಾಡಿದ್ದರು. ಒಂದು ಮುದ್ದೆ ಮುಕ್ಕಾಲಾಯಿತು, ಮುಕ್ಕಾಲು ಅರ್ಧವಾಯಿತು. ರವಿಕೆಯ ತೋಳು ಸಡಿಲವಾದುದನ್ನು ಮೊದಲು ಕಂಡವಳು ಬೆಂಗಳೂರಿನಿಂದ ಹಬ್ಬಕ್ಕೆ ಬಂದ ನಮ್ಮ ನಾದಿನಿ. ದಿನವೂ ಬಡಿಸುತ್ತಿದ್ದ ನಮಗೆ ಕಾಣದೆ ಹೋಯಿತೆಂಬ ನಾಚಿಕೆ ಇಂದಿಗೂ ಇದೆ.

“ಯಾಕೆ ಅತ್ತೆಮ್ಮ, ಊಟ ಸೇರ್ತಿಲ್ವಾ?” ಎಂದು ಕೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, “ಉಪ್ಪ ಕಮ್ಮಿ ಮಾಡ್ದೋರು ರುಚಿನೂ ಕಮ್ಮಿ ಮಾಡ್ಬೇಕಾ ಕಣವ್ವ?” ಎಂದರು. ಉತ್ತರ ನಮ್ಮಲ್ಲಿರಲಿಲ್ಲ. ಸ್ವಲ್ಪ ತಡೆದು ಅವರೇ, “ಒಂದಿನ ಸುಟ್ಟ ಸಾರಾದ್ರೂ ಮಾಡು” ಎಂದರು.

ಸುಟ್ಟ ಸಾರು ಎಂಬುದು ನಮ್ಮ ಮನೆಯಲ್ಲಿ ಬಳಕೆಯಲ್ಲಿದ್ದ ಹೆಸರು. ಹೊಲದ ಕೆಲಸದ ದಿನಗಳಲ್ಲಿ ಮುದ್ದೆಯನ್ನು ತೊಳಸಿ ಇಳಿಸಿದ ಮೇಲೆ ಒಲೆಯಲ್ಲಿ ಉಳಿದ ಕೆಂಡಕ್ಕೆ ಒಂದು ಗುಂಡು ಬದನೆ, ನಾಲ್ಕು ಟೊಮ್ಯಾಟೊ, ಸಿಪ್ಪೆ ಸಹಿತ ಈರುಳ್ಳಿ, ಬೆಳ್ಳುಳ್ಳಿಗಳನ್ನು ಹಾಕಿ ಬೂದಿ ಮುಚ್ಚಿ ಬಿಡುತ್ತಿದ್ದರು. ಅವು ಸುಟ್ಟ ಮೇಲೆ ಸಿಪ್ಪೆ ಕಳೆದು, ಒರಳಿನಲ್ಲಿ ಮೆಣಸು ಜೀರಿಗೆಯೊಡನೆ ಜಜ್ಜಿ, ನೀರು ಬೆರೆಸಿ ಒಂದು ಕುದಿ ಕುದಿಸಿದರೆ ಸಾರಾಯಿತು. ಬೇಳೆ ಬೇಡ, ಬೇರೆ ಸೌದೆಯೂ ಬೇಡ. ಆರಿಹೋಗಲಿದ್ದ ಕೆಂಡದಲ್ಲಿಯೇ ಆಗುವ ಅಡುಗೆ. ಆಲೆಮನೆಯ ಒಲೆಯ ಬಿಸಿಬೂದಿಯಲ್ಲಿ ಗೆಣಸು ಸುಟ್ಟುಕೊಂಡು ತಿಂದವರಿಗೆ ಆ ಬಗೆಯ ರುಚಿಯನ್ನು ವಿವರಿಸಿ ಹೇಳಬೇಕಾಗಿಲ್ಲ.

ನಾವು ಉತ್ಸಾಹದಿಂದ ಮಾಡಹೊರಟೆವು. ಗ್ಯಾಸಿನ ಉರಿಯ ಮೇಲೆ ಇಡೀ ಬದನೆಕಾಯಿಯನ್ನು ಹಾಗೆಯೇ ಇಟ್ಟು ಉರಿಯನ್ನು ಪೂರ್ತಿ ಏರಿಸಿದೆವು. ಸ್ವಲ್ಪ ಹೊತ್ತಿಗೆ ಅದು ಸಿಡಿಯಿತು. ರಸವೆಲ್ಲ ಬರ್ನರಿನೊಳಗೆ ಇಳಿದು ಅದರ ರಂಧ್ರಗಳು ಕಟ್ಟಿಕೊಂಡವು. ಮೇಲೆಲ್ಲ ಕರಿಕಲಾಗಿದ್ದರೂ ಒಳಗಿನ ತಿರುಳು ಹಸಿಯಾಗಿಯೇ ಇತ್ತು. ಕರಿಯನ್ನು ಕಳೆಯಲೆಂದು ನಲ್ಲಿಯ ಕೆಳಗೆ ಹಿಡಿದು ತೊಳೆದೆವು. ಬಂದಿದ್ದ ಅಲ್ಪಸ್ವಲ್ಪ ಪರಿಮಳವೂ ನೀರಿನೊಡನೆ ಹರಿದುಹೋಯಿತು. ಸಾರು ಕಹಿಯಾಯಿತು. ಅತ್ತೆಯವರು ಒಂದು ತುತ್ತು ನುಂಗಿ, “ಸುಟ್ಟಿದ್ದೀಯೋ ಬೂದಿ ಮಾಡಿದ್ದೀಯೋ?” ಎಂದು ನಕ್ಕರು. ಎಷ್ಟೋ ತಿಂಗಳ ಮೇಲೆ ಅವರು ಊಟದ ಹೊತ್ತಿನಲ್ಲಿ ನಕ್ಕಿದ್ದು ಅದೇ ಮೊದಲು. ಮರುದಿನ ಅಡುಗೆಮನೆಗೆ ಸ್ಟೂಲು ಹಾಕಿಸಿಕೊಂಡು ತಾವೇ ಕುಳಿತು, ಒಂದೊಂದಾಗಿ ಹೇಳಿ ಮಾಡಿಸಿದರು.

ಅವರು ಮೊದಲು ಕಲಿಸಿದ್ದು ಬದನೆಕಾಯಿಯನ್ನು ಪರೀಕ್ಷಿಸುವುದನ್ನು. ಕಾಯಿಕೊರಕ ಹುಳು ಎಳೆಗಾಯಿಯಲ್ಲಿಯೇ ಒಳಹೊಕ್ಕರೆ ಕಾಯಿ ಬೆಳೆದಂತೆ ಆ ರಂಧ್ರ ಮುಚ್ಚಿಹೋಗುತ್ತದೆ. ಹೊರಗಿನಿಂದ ನೋಡಿದರೆ ಕಾಯಿ ನುಣುಪಾಗಿ, ಚೆಲುವಾಗಿಯೇ ಇರುತ್ತದೆ. ಹೆಚ್ಚಿ ಮಾಡುವ ಪಲ್ಯದಲ್ಲಿ ಹುಳು ಕಣ್ಣಿಗೆ ಬೀಳುತ್ತದೆ, ಇಡಿಯಾಗಿ ಸುಡುವಾಗ ಬೀಳುವುದಿಲ್ಲ. ನಮ್ಮಂತಹ ಶಾಕಾಹಾರಿ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಆದ್ದರಿಂದ ತೊಟ್ಟನ್ನು ಉಳಿಸಿ, ಬುಡದಿಂದ ಮೇಲಕ್ಕೆ ಎರಡು ಅಡ್ಡ ಸೀಳುಗಳನ್ನು ಹಾಕಿ, ಬೆರಳಿನಿಂದ ಅಗಲಿಸಿ, ಬೆಳಕಿಗೆ ಹಿಡಿದು ಒಳಗನ್ನು ನೋಡತಕ್ಕದ್ದು. ಸೀಳಿದ ಕಾಯಿ ಸಿಡಿಯುವುದೂ ಇಲ್ಲ. ಒಂದು ಕೆಲಸದಲ್ಲಿ ಎರಡು ಪ್ರಯೋಜನ. ಬೀಜ ಬಲಿತ ಕಾಯಿ ಕಹಿಯಾಗುತ್ತದೆ. ಗಾತ್ರಕ್ಕೆ ಹಗುರವಾಗಿರುವ ಕಾಯಿಯನ್ನು ಆರಿಸಿಕೊಳ್ಳಬೇಕು. ಗುಂಡುಬದನೆಯೇ ಇದಕ್ಕೆ ಸರಿ. ಮೈಸೂರಿನ ಈರನಗೆರೆ ಬದನೆಯನ್ನು ಸುಡುವವರೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಎಣ್ಣೆಗಾಯಿಗೇ ಚೆನ್ನ.

ಎರಡನೆಯ ಪಾಠ ಉರಿಯದು. ಕೆಂಡಕ್ಕೆ ಜ್ವಾಲೆಯಿಲ್ಲ, ಅದರ ಕಾವು ನಿಧಾನವಾಗಿ ಒಳಗಿಳಿಯುತ್ತದೆ. ಗ್ಯಾಸಿನಲ್ಲಿ ಅದನ್ನು ಅನುಕರಿಸಬೇಕಾದರೆ ಹಪ್ಪಳ ಸುಡುವ ಜಾಲರಿಯನ್ನು ಬರ್ನರಿನ ಮೇಲಿಟ್ಟು, ಸಣ್ಣ ಉರಿಯಲ್ಲಿ, ಇಕ್ಕಳದಿಂದ ತಿರುವುತ್ತಾ 15ರಿಂದ 20 ನಿಮಿಷ ಸುಡಬೇಕು. ತೊಟ್ಟಿನ ಬಳಿ ಚಾಕುವಿನ ತುದಿ ಬೆಣ್ಣೆಗೆ ಇಳಿದಂತೆ ಇಳಿದರೆ ಬೆಂದಿದೆಯೆಂದು ತಿಳಿಯಬೇಕು. ಸುಟ್ಟದ್ದನ್ನು ಒಂದು ಪಾತ್ರೆಯಲ್ಲಿ ಹಾಕಿ ತಟ್ಟೆ ಮುಚ್ಚಿ 10 ನಿಮಿಷ ಬಿಟ್ಟರೆ ಸಿಪ್ಪೆ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ತೊಳೆಯಕೂಡದು, ಬೆರಳನ್ನು ನೀರಿನಲ್ಲಿ ಅದ್ದಿಕೊಳ್ಳುತ್ತಾ ಸುಲಿಯಬೇಕು. ಅಲ್ಲೊಂದು ಇಲ್ಲೊಂದು ಕರಿಚುಕ್ಕೆ ಉಳಿದರೆ ದೋಷವಿಲ್ಲ. ಪಾತ್ರೆಯ ತಳದಲ್ಲಿ ಕೂಡುವ ರಸವನ್ನು ಚೆಲ್ಲಬಾರದು. ಸಾರಿನ ಜೀವ ಅದರಲ್ಲಿದೆ.

ಸುಟ್ಟ ತರಕಾರಿಗೆ ಬೇಯಿಸಿದ ತರಕಾರಿಗಿಲ್ಲದ ರುಚಿ ಎಲ್ಲಿಂದ ಬರುತ್ತದೆ? ನೀರಿನಲ್ಲಿ ಬೇಯುವ ಪದಾರ್ಥದ ಕಾವು 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಅದರ ಸತ್ವವೂ ಸ್ವಲ್ಪ ನೀರಿಗೆ ಇಳಿಯುತ್ತದೆ. ಸುಡುವಾಗ ಹೊರಮೈಯ ಕಾವು ಅದಕ್ಕಿಂತ ಬಹಳ ಮೇಲೇರುತ್ತದೆ. ತರಕಾರಿಯಲ್ಲಿರುವ ಸಿಹಿಯಂಶವೂ ಸಸಾರಜನಕದ ಅಂಶಗಳೂ ಆ ಕಾವಿನಲ್ಲಿ ಕೂಡಿಕೊಂಡು ಕಂದುಬಣ್ಣಕ್ಕೆ ತಿರುಗಿ, ಹೊಸ ಪರಿಮಳಗಳನ್ನು ಹುಟ್ಟಿಸುತ್ತವೆ. ರೊಟ್ಟಿಯ ಮೇಲಿನ ಚುಕ್ಕೆಗಳಿಗೂ, ಹುರಿದ ಕಾಫಿಬೀಜಕ್ಕೂ ಪರಿಮಳ ಬರುವುದು ಹೀಗೆಯೇ. ನೀರು ಆರುವುದರಿಂದ ಟೊಮ್ಯಾಟೊವಿನ ಹುಳಿ, ಈರುಳ್ಳಿಯ ಸಿಹಿ ಎರಡೂ ಗಟ್ಟಿಯಾಗುತ್ತವೆ. ಹಣ್ಣಾದ ಟೊಮ್ಯಾಟೊವಿನಲ್ಲಿ ನಾಲಿಗೆಗೆ ತುಂಬಿದ ಅನುಭವ ಕೊಡುವ ಗ್ಲುಟಮೇಟ್ ಎಂಬ ಅಂಶವೂ ಸಹಜವಾಗಿಯೇ ಇದೆ. ಇಷ್ಟೆಲ್ಲ ಇರುವ ಸಾರಿನಲ್ಲಿ ಉಪ್ಪು ತುಸು ಕಡಿಮೆಯಾದರೂ ನಾಲಿಗೆ ದೂರುವುದಿಲ್ಲ. ಅತ್ತೆಯವರು ಕೇಳಿದ ಪ್ರಶ್ನೆಗೆ ಉತ್ತರ ಅವರ ಬಳಿಯೇ ಇತ್ತೆನ್ನಬೇಕು.

ಬದನೆಯನ್ನು ಸುಟ್ಟು ಉಣ್ಣುವುದು ನಮ್ಮೊಬ್ಬರ ಸೊತ್ತಲ್ಲ. ಉತ್ತರ ಕರ್ನಾಟಕದ ರೊಟ್ಟಿಯ ಜೊತೆಗಿನ ಭರ್ತ, ಮಲೆನಾಡಿನ ಸುಟ್ಟ ಬದನೆಯ ಗೊಜ್ಜು, ಅರಬ್ಬೀ ನಾಡುಗಳ ಬಾಬಾ ಗನೂಷ್ ಎಲ್ಲವೂ ಒಂದೇ ಬಳಗದವು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ಬದನೆಯ ಹಲವು ಬಗೆಯ ಪಾಕಗಳಿವೆ. ವೀರಶೈವ ಅರಸು ಕೆಳದಿಯ ಬಸವಪ್ಪನಾಯಕನು ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವರತ್ನಾಕರ’ದಂತಹ ಮಹಾಗ್ರಂಥವೂ ಅಡುಗೆಯ ವಿಚಾರಕ್ಕೆ ಸ್ಥಳ ಕೊಟ್ಟಿದೆ. ಆದರೆ ಮೆಣಸಿನಕಾಯಿ, ಟೊಮ್ಯಾಟೊಗಳೆರಡೂ ಅಮೆರಿಕ ಖಂಡದವು. ಯುರೋಪಿನವರ ಹಡಗುಗಳು ಬರತೊಡಗಿದ ಮೇಲೆ ಇಲ್ಲಿಗೆ ಬಂದವು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇವೆರಡರ ಪರಿಚಯವೇ ಇರಲಿಲ್ಲ. ಅಂದಿನ ಖಾರವೆಂದರೆ ಕರಿಮೆಣಸು, ಶುಂಠಿ, ಹಿಪ್ಪಲಿ. ಅತ್ತೆಯವರು ಇಂದಿಗೂ ಈ ಸಾರಿಗೆ ಮೆಣಸಿನಕಾಯಿಗಿಂತ ಕರಿಮೆಣಸನ್ನೇ ಮುಂದು ಮಾಡುತ್ತಾರೆ.

ಇನ್ನು ಅಳತೆ. ಐದು ಜನರ ಊಟಕ್ಕೆ ಸುಮಾರು 350 ಗ್ರಾಂ ತೂಗುವ ಒಂದು ಗುಂಡುಬದನೆ, ಚೆನ್ನಾಗಿ ಹಣ್ಣಾದ 4 ಟೊಮ್ಯಾಟೊ, ಮಧ್ಯಮ ಗಾತ್ರದ 2 ಈರುಳ್ಳಿ, ಒಂದು ಇಡೀ ಗೆಡ್ಡೆ ಬೆಳ್ಳುಳ್ಳಿ, 2 ಹಸಿಮೆಣಸಿನಕಾಯಿ ಸಾಕು. ಸಿಹಿಗುಂಬಳದ ಒಂದು ಅಂಗೈ ಅಗಲದ ಹೋಳನ್ನು ಸೇರಿಸಿದರೆ ಸಾರು ಮಂದವಾಗುತ್ತದೆ. ಬೆಳ್ಳುಳ್ಳಿ ಬೇಗ ಸೀಯುವುದರಿಂದ ಸಿಪ್ಪೆ ಸಹಿತ ಜಾಲರಿಯ ಅಂಚಿನಲ್ಲಿಡಬೇಕು. ಹಸಿಮೆಣಸಿನಕಾಯಿಗೂ ಒಂದು ಸೀಳು ಹಾಕಲು ಮರೆಯಬಾರದು; ಅದು ಸಿಡಿದರೆ ಕಣ್ಣಿಗೇ ಅಪಾಯ.

ಮಸಾಲೆಗೆ 2 ಟೀ ಚಮಚ ಧನಿಯಾ, 1 ಟೀ ಚಮಚ ಜೀರಿಗೆ, 12 ಕಾಳು ಕರಿಮೆಣಸು, ನಾಲ್ಕೈದು ಕಾಳು ಮೆಂತ್ಯ. ಇವನ್ನು ಎಣ್ಣೆಯಿಲ್ಲದೆ, ಘಮ ಬರುವವರೆಗೆ ಮಾತ್ರ ಹುರಿದು, 2 ದೊಡ್ಡ ಚಮಚ ಕಾಯಿತುರಿಯೊಡನೆ ನುಣ್ಣಗೆ ಅರೆಯಬೇಕು. ಸುಲಿದ ತರಕಾರಿಗಳನ್ನು ಮಾತ್ರ ಮಿಕ್ಸಿಗೆ ಹಾಕಿ ಹಿಟ್ಟಿನಂತೆ ಮಾಡಬಾರದು. ಒರಳಿನಲ್ಲಿ ಜಜ್ಜಬೇಕು, ಇಲ್ಲವಾದರೆ ಕೈಯಿಂದಲೇ ಕಿವುಚಬೇಕು. ನಾಲಿಗೆಗೆ ಅಲ್ಲಲ್ಲಿ ತಿರುಳು ಸಿಗಬೇಕೆಂಬುದು ಅತ್ತೆಯವರ ಕಟ್ಟಾಜ್ಞೆ. ಬಳಿಕ ಒಂದು ಲೀಟರ್ ಬಿಸಿನೀರು, ಸಣ್ಣ ಗೋಲಿಯಷ್ಟು ಹುಣಿಸೆಹಣ್ಣಿನ ರಸ, ಕಡಲೆಕಾಳಿನಷ್ಟು ಬೆಲ್ಲ ಸೇರಿಸಿ ಒಲೆಗೇರಿಸಬೇಕು. ಒಂದೇ ಕುದಿ. ಹೆಚ್ಚು ಕುದಿಸಿದರೆ ಸುಟ್ಟ ಪರಿಮಳ ಆವಿಯೊಡನೆ ಹೊರಟುಹೋಗುತ್ತದೆ. ಒಂದು ಟೀ ಚಮಚ ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಟ್ಟು ಇಳಿಸಬೇಕು.

ಉಪ್ಪನ್ನು ಹಾಕುವುದು ಇಳಿಸಿದ ಮೇಲೆ, ಒಂದೇ ಒಂದು ಟೀ ಚಮಚ, ತಲೆತಟ್ಟಾಗಿ. ಮೊದಲು ಇಷ್ಟೇ ಸಾರಿಗೆ ನಾವು ಎರಡೂವರೆ ಚಮಚ ಹಾಕುತ್ತಿದ್ದೆವು. ಒಂದು ಟೀ ಚಮಚವೆಂದರೆ ಹೆಚ್ಚುಕಡಿಮೆ 5ರಿಂದ 6 ಗ್ರಾಂ. ಐದು ಜನಕ್ಕೆ ಹಂಚಿದರೆ ತಲೆಗೆ ಒಂದು ಗ್ರಾಮಿನ ಸುಮಾರು. ವಯಸ್ಕರಿಗೆ ದಿನವೊಂದಕ್ಕೆ ಎಲ್ಲ ಆಹಾರವೂ ಸೇರಿ 5 ಗ್ರಾಮಿಗಿಂತ ಕಡಿಮೆ ಉಪ್ಪು ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮುದ್ದೆಗೆ ಉಪ್ಪು ಹಾಕದಿರುವ ನಮ್ಮ ಮನೆಯ ಹಳೆಯ ಪದ್ಧತಿಯೂ ಇಲ್ಲಿ ನೆರವಿಗೆ ಬಂದಿತು. ಮನೆಯವರೆಲ್ಲರೂ ಇದೇ ಸಾರನ್ನು ಉಣ್ಣುತ್ತೇವೆ. ಎರಡು ಪಾತ್ರೆಯ ಕಷ್ಟ ತಪ್ಪಿತು. ಮೊದಮೊದಲು ಯಜಮಾನರು ಉಪ್ಪಿನ ಡಬ್ಬಿಯ ಕಡೆಗೆ ಕಣ್ಣು ಹಾಯಿಸುತ್ತಿದ್ದರು. ಮೂರು ವಾರದೊಳಗೆ ಅದೂ ನಿಂತಿತು. ಮೂತ್ರಪಿಂಡದ ತೊಂದರೆಯಿರುವವರು ಮಾತ್ರ ಟೊಮ್ಯಾಟೊ ಮೊದಲಾದ ತರಕಾರಿಗಳ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ಹಾಗೆಯೇ ಸಾರು ಮಾಡಿದೆವೆಂದು ರಕ್ತದೊತ್ತಡದ ಮಾತ್ರೆಯನ್ನು ಬಿಡುವ ಬುದ್ಧಿಯನ್ನು ಯಾರೂ ಮಾಡಬಾರದು.

ಶ್ರಾವಣ ಮಾಸದಲ್ಲಿ ಈರುಳ್ಳಿ ಬೆಳ್ಳುಳ್ಳಿಗಳನ್ನು ಬಿಡುವ ಮನೆಗಳುಂಟು. ಅವರು ಸಿಹಿಗುಂಬಳವನ್ನು ಹೆಚ್ಚಿಸಿ, ಒಂದು ತುಂಡು ಶುಂಠಿಯನ್ನೂ ಸುಟ್ಟು ಜಜ್ಜಿ ಹಾಕಿ, ಇಂಗನ್ನು ತುಸು ಮುಂದಾಗಿ ಹಾಕಿದರೆ ಕೊರತೆ ತೋರದು. ಇಂಡಕ್ಷನ್ ಒಲೆಯಿರುವ ಪಟ್ಟಣದ ಮನೆಗಳಲ್ಲಿ ಉರಿಯೇ ಇಲ್ಲವಲ್ಲ ಎಂದು ನಾದಿನಿ ಕೇಳಿದಳು. ದಪ್ಪ ತಳದ ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ, ತರಕಾರಿಗಳನ್ನು ಎರಡು ಹೋಳು ಮಾಡಿ, ಕೊಯ್ದ ಮುಖ ಕೆಳಗಾಗುವಂತಿಟ್ಟು, ಮುಚ್ಚಳ ಮುಚ್ಚಿ ಸಣ್ಣ ಕಾವಿನಲ್ಲಿ 20 ನಿಮಿಷ ಬಿಟ್ಟರೆ ಸಾಕು, ಕಂದುಬಣ್ಣ ಬರುತ್ತದೆ. ಹೊಗೆಯ ಪರಿಮಳ ಬೇಕೆಂದರೆ ತೆಂಗಿನ ಕರಟದ ಚೂರೊಂದನ್ನು ಹೊರಗಡೆ ಉರಿಸಿ ಕೆಂಡ ಮಾಡಿ, ಸಣ್ಣ ಸ್ಟೀಲು ಬಟ್ಟಲಿನಲ್ಲಿಟ್ಟು, ಆ ಬಟ್ಟಲನ್ನು ಸಾರಿನ ಪಾತ್ರೆಯೊಳಗೆ ತೇಲಿಬಿಟ್ಟು, ಕೆಂಡದ ಮೇಲೆ ಎರಡು ತೊಟ್ಟು ತುಪ್ಪ ಹಾಕಿ ಕೂಡಲೇ ಮುಚ್ಚಬೇಕು. ಎರಡು ನಿಮಿಷದಲ್ಲಿ ತೆಗೆದುಬಿಡಬೇಕು, ಕಿಟಕಿ ತೆರೆದಿರಲಿ. ಆದರೆ ಇದು ನಾಲ್ಕೈದು ಜನರ ಮನೆಗೆ ಹೊಂದುವ ಅಡುಗೆ. ಮಠದ ದಾಸೋಹಕ್ಕೋ ಮದುವೆಯ ಮನೆಗೋ ಇದನ್ನು ಮಾಡಹೊರಡುವುದು ಹುಚ್ಚುಸಾಹಸವಾದೀತು. ಅಷ್ಟು ಬದನೆಯನ್ನು ಸುಲಿಯುವವರಾರು?

ಮೊಮ್ಮಕ್ಕಳು ಇದನ್ನು ಸಾರೆನ್ನದೆ ಸೂಪು ಎನ್ನುತ್ತಾರೆ. ಹೋಟೆಲಿನ ಸೂಪಿಗೆ ಮೆಕ್ಕೆಜೋಳದ ಹಿಟ್ಟು ಕದಡಿ ಮಂದ ಮಾಡುತ್ತಾರೆ. ಇಲ್ಲಿ ಬದನೆಯ ತಿರುಳೇ ಆ ಕೆಲಸವನ್ನು ಮಾಡುತ್ತದೆ. ಅವರಿಗಾಗಿ ಹುಣಿಸೆ, ಒಗ್ಗರಣೆಗಳನ್ನು ಬಿಟ್ಟು, ಜರಡಿಯಲ್ಲಿ ಸೋಸಿ, ಮೇಲೆ ಮೆಣಸಿನಪುಡಿ ಉದುರಿಸಿ ಲೋಟದಲ್ಲಿ ಕೊಡುತ್ತೇವೆ. ಸೋಸಿ ಉಳಿದ ತಿರುಳಿಗೆ ಮೊಸರು ಬೆರೆಸಿದರೆ ಮರುಹೊತ್ತಿನ ರೊಟ್ಟಿಗೆ ಗೊಜ್ಜಾಗುತ್ತದೆ.

ಅತ್ತೆಯವರು ವಾರದಲ್ಲಿ ಎರಡು ದಿನ ಇದನ್ನು ಮಾಡಿಸುತ್ತಾರೆ. ಮುದ್ದೆ ಮತ್ತೆ ಮುಕ್ಕಾಲಿಗೆ ಬಂದಿದೆ; ಒಂದಕ್ಕೆ ಬಂದಿಲ್ಲ, ಈ ವಯಸ್ಸಿನಲ್ಲಿ ಬರಬೇಕೆಂದೂ ಇಲ್ಲ. ಕಳೆದ ವಾರ ಬಡಿಸುವಾಗ ಸೌಟನ್ನು ಹಿಂದಕ್ಕೆ ತೆಗೆಯಹೋದ ನಮ್ಮ ಕೈಯನ್ನು ತಡೆದು, “ಇನ್ನೊಂದು ಸೌಟು ಬಿಡವ್ವ, ಮುದ್ದೆ ಒಣಗೋಯ್ತದೆ” ಎಂದರು.